ಎದುರಿನಿಂದ ಮಿನುಗಿದ ಹಳದಿ ದೀಪ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನನ್ನ ವಿಷಯಗಳನ್ನು ಹೊರಗೆ ಹೇಳಿಕೊಳ್ಳುವ ಅಭ್ಯಾಸವೂ ನನಗಿಲ್ಲ. ಆದರೆ ಅಂದು ಕಾರಿನಲ್ಲಿ ಇಬ್ಬರಿದ್ದೆವು. ಇಬ್ಬರಿಗೂ ಪೂರ್ತಿ ಎಚ್ಚರವಿತ್ತು. ನಡೆದದ್ದಕ್ಕೆ ಒಂದು ಮಾತನ್ನೂ ಸೇರಿಸದೆ ಬರೆಯುತ್ತಿದ್ದೇನೆ.

ದುಬಾರೆಯ ಹತ್ತಿರ, ಹೊಳೆದಂಡೆಯ ರೆಸಾರ್ಟೊಂದರಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಭವಾನಿ ಅಲ್ಲೇ ರಿಸೆಪ್ಷನ್‌ನಲ್ಲಿದ್ದಳು. ಕುಶಾಲನಗರದಲ್ಲಿ ನಮ್ಮಿಬ್ಬರ ಮನೆ ಒಂದೇ ಬೀದಿಯಲ್ಲಿ; ಹೋಗಿಬರುವುದೆಲ್ಲ ನನ್ನ ಹಳೆಯ ಕಾರಿನಲ್ಲಿ. ಅವಳಿಗೆ ಆಗ ಏಳು ತಿಂಗಳು.

ಕಾರಿನ ಹೆಡ್‌ಲೈಟ್ ಗಾಜು ಹಳತಾಗಿ ಮಸುಕಾಗಿತ್ತು. ಬಲ್ಬು ಹೊತ್ತಿಕೊಂಡರೂ ಬೆಳಕು ರಸ್ತೆಗೆ ಬೀಳುತ್ತಿರಲಿಲ್ಲ. ಭತ್ತ ಹಾಲು ತುಂಬುವ ಕಾಲ. ಸಂಜೆಯಾದರೆ ಆನೆಗಳು ಗದ್ದೆಗಿಳಿಯುತ್ತವೆ. ಭವಾನಿಯನ್ನು ಕೂರಿಸಿಕೊಂಡು ಆ ಬೆಳಕಿನಲ್ಲಿ ಓಡಿಸಲು ನನಗೆ ಧೈರ್ಯವಾಗಲಿಲ್ಲ.

ಒಂದು ರಜೆಯ ದಿನ ಇಬ್ಬರೂ ಮೊಯ್ದು ಕಾಕಾನ ಕಾರು ಬಿಡಿಭಾಗಗಳ ಅಂಗಡಿಗೆ ಹೋದೆವು. ಕಾಕಾ ಎರಡು ಡಬ್ಬಿ ಮುಂದಿಟ್ಟರು. ಒಂದು ಮಾಮೂಲಿ ಹ್ಯಾಲೊಜನ್, ಹಳದಿ ಬೆಳಕು. ಇನ್ನೊಂದು ಬಿಳಿ ಎಲ್‌ಇಡಿ.

"ಇದು ಹಾಕಿದ್ರೆ ರಾತ್ರಿ ಹಗಲಾಗ್ತದೆ ಮೇಡಂ," ಎಂದರು, ಎಲ್‌ಇಡಿ ತೋರಿಸಿ.

"ನಮಗೆ ಹಗಲಾದ್ರೆ ಆನೆಗೂ ಹಗಲೇ ಅಲ್ವಾ ಕಾಕಾ?" ಭವಾನಿ ಕೇಳಿದಳು.

"ಆನೆ ಬಂದು ಕಂಪ್ಲೇಂಟ್ ಮಾಡ್ಲಿ, ವಾಪಸ್ ತಗೊಳ್ತೇನೆ!"

"ಹಳದೀನೇ ಇರ್ಲಿ ಕಣಕ್ಕ. ಮಂಜಲ್ಲಿ ಬಿಳಿ ಲೈಟು ಕಣ್ಣಿಗೇ ಹೊಡೆಯುತ್ತೆ ಅಂತ ನಮ್ಮನೆಯವ್ರು ಯಾವಾಗ್ಲೂ ಹೇಳ್ತಾರೆ."

ನಾನು ಎರಡು ದಿನ ಕೂತು ಈ ದೀಪಗಳ ಬಗ್ಗೆ ಓದಿಕೊಂಡು ಹೋಗಿದ್ದೆ. ದೂರಕ್ಕೆ ಬೀಳುವುದು ಬಿಳಿಯೇ ಎಂದು ತೀರ್ಮಾನಿಸಿದ್ದೆ. ಬಿಳಿಯನ್ನೇ ಹಾಕಿಸಿದೆ. ಗಾಜನ್ನೂ ಪಾಲಿಶ್ ಮಾಡಿಸಿದೆ.

ಆ ವಾರವೇ ಅದು ನಡೆಯಿತು.

ಕೆಲಸ ಮುಗಿಯುವ ಹೊತ್ತಿಗೆ ಭವಾನಿ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಮುಖದಲ್ಲಿ ರಕ್ತವೇ ಇರಲಿಲ್ಲ. "ಅಕ್ಕ... ಬ್ಲೀಡಿಂಗ್ ಆಗ್ತಿದೆ," ಎಂದು ಪಿಸುಗುಟ್ಟಿದಳು. ಅವಳ ಗಂಡ ಶುಂಠಿ ಲೋಡ್ ತೆಗೆದುಕೊಂಡು ಮೈಸೂರಿಗೆ ಹೋಗಿದ್ದ. ಆಂಬುಲೆನ್ಸ್ ಬೇರೆಲ್ಲಿಗೋ ಹೋಗಿತ್ತು. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ, ಸೊಂಟದ ಕೆಳಗೆ ದಿಂಬು ಕೊಟ್ಟು ಹೊರಟೆ.

ಕತ್ತಲಾಗಿತ್ತು. ಮಂಜು ಇಳಿದಿತ್ತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಾಡಿನ ಅಂಚಿಗೆ ತೋಡಿದ ಆನೆ ಕಂದಕ. ನನ್ನ ಬಿಳಿ ದೀಪ ಮಂಜಿಗೆ ತಾಗಿ ಮತ್ತೆ ನನ್ನ ಮುಖಕ್ಕೇ ಬರುತ್ತಿತ್ತು. ಸುಣ್ಣ ಬಳಿದ ಗೋಡೆಯೊಂದನ್ನು ತಳ್ಳಿಕೊಂಡು ಹೋದ ಹಾಗೆ...

ಆಗ ಎದುರಿಗೆ ದೀಪ ಕಂಡಿತು. ಎರಡು ಹಳದಿ ದೀಪಗಳು. ಮಂಜನ್ನು ಸೀಳಿಕೊಂಡು, ಬಹಳ ಸ್ಪಷ್ಟವಾಗಿ. ಆರಿ ಹೊತ್ತಿದವು. ಮತ್ತೊಮ್ಮೆ. ಮತ್ತೊಮ್ಮೆ.

ನಮ್ಮ ಕಡೆಯ ರಸ್ತೆಗಳಲ್ಲಿ ಇದಕ್ಕೆ ಒಂದೇ ಅರ್ಥ: ಮುಂದೆ ಆನೆ ಇದೆ. ಕಂಡವರು ನಿಲ್ಲಿಸಿ, ದೀಪವನ್ನೂ ಇಂಜಿನನ್ನೂ ಆರಿಸಿ ಕಾಯಬೇಕು. ಸೂಚನೆ ಕೊಟ್ಟವರು ಹತ್ತಿರ ಬಂದು, ಗಾಜು ಇಳಿಸಿ, ಆನೆ ಎಲ್ಲಿದೆ, ಎಷ್ಟಿವೆ ಎಂದು ಹೇಳಿ ಹೋಗುತ್ತಾರೆ. ಹೊರಗಿನವರಾಗಿದ್ದರೆ ಗಮನಿಸದೆ ಹೋಗಿಬಿಡುತ್ತಿದ್ದರೇನೋ. ನನ್ನ ಕೈ ತಾನಾಗಿಯೇ ಎಲ್ಲ ಆರಿಸಿತು.

"ಯಾಕಕ್ಕ ನಿಲ್ಲಿಸಿದ್ರಿ?"

"ಆನೆ ಇರಬೇಕು. ಮಾತಾಡಬೇಡ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ನೋವಿನ ಉಸಿರು ಕೇಳುತ್ತಿತ್ತು. ಕಾದೆವು. ಆ ಗಾಡಿ ಬರಲಿಲ್ಲ. ಹಳದಿ ದೀಪಗಳು ಇದ್ದಲ್ಲೇ ಇದ್ದವು. ಇಂಜಿನ್ ಸದ್ದೂ ಇಲ್ಲ... ಆ ಬೆಳಕು ಅಷ್ಟು ಹತ್ತಿರವಿದ್ದರೂ ನನ್ನ ಕಾರಿನೊಳಗೆ ಒಂದಿಷ್ಟೂ ಬೀಳುತ್ತಿರಲಿಲ್ಲ. ಸ್ಟಿಯರಿಂಗ್ ಮೇಲಿದ್ದ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ.

"ಅಕ್ಕ, ತಡೆಯೋಕಾಗ್ತಿಲ್ಲ... ಮಗು..."

ಹೊರಡಲು ಕೀ ಹಿಡಿದೆ. ಅಷ್ಟರಲ್ಲಿ ವಾಸನೆ ಬಂತು. ಹುಳಿತ ಹುಲ್ಲು, ಕೆಸರು, ಬೆವರು ಬೆರೆತ ಆನೆಯ ವಾಸನೆ. ಕಂದಕದ ಕಡೆ ಬಿದಿರು ಲಟಲಟನೆ ಮುರಿಯಿತು. ಆನೆಯ ಹೊಟ್ಟೆಯೊಳಗಿನಿಂದ ಬರುವ ಆ ಗುಡುಗುಡು ಸದ್ದು ಕಾರಿನ ತಗಡಿನಲ್ಲಿ ನಡುಗಿತು. ನನ್ನ ಕಡೆಯ ಗಾಜಿನ ಮೇಲೆ ಯಾವುದೋ ಬಿಸಿಯಾದ ಉಸಿರು ಬಿದ್ದು, ಹೊರಗಿನಿಂದ ಹಬೆಗಟ್ಟಿತು. ಕಾರು ಸ್ವಲ್ಪ ವಾಲಿತು. ಕೀ ತಿರುಗಿಸಿದರೆ ಸತ್ತೆವು. ತಿರುಗಿಸದಿದ್ದರೆ ಆ ಮಗು...

ಎಷ್ಟು ಹೊತ್ತು ಎಂದು ತಿಳಿಯದು. ಕೊನೆಗೆ ಕಾರು ನೆಟ್ಟಗಾಯಿತು. ಹೊಳೆಯ ಕಡೆ ನೀರು ಕಲಕಿದ ಸದ್ದಾಯಿತು. ಎದುರಿನ ದೀಪಗಳು ಒಮ್ಮೆ ಮಿನುಗಿ ಆರಿದವು. ಮತ್ತೆ ಹೊತ್ತಲಿಲ್ಲ.

ದೀಪ ಹಾಕಿ ನಿಧಾನವಾಗಿ ಮುಂದೆ ಹೋದೆ. ಜೀಪಾಗಲಿ, ಕಾರಾಗಲಿ, ಏನೂ ಇರಲಿಲ್ಲ. ತಿರುಗಿಸಲು ಜಾಗವಿಲ್ಲ, ಕವಲು ದಾರಿಯೂ ಇಲ್ಲ. ಗುಡ್ಡೆಹೊಸೂರು ಮುಟ್ಟುವವರೆಗೆ ಎದುರಿಗೆ ಒಂದು ಸೈಕಲ್ ಕೂಡ ಬರಲಿಲ್ಲ.

ಆಸ್ಪತ್ರೆಯಲ್ಲಿ ಭವಾನಿಯನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಗೋಡೆಗೆ ಒರಗಿ ನಿಂತಿದ್ದೆ. ನರ್ಸ್ ಬಂದು, "ಮಗುವಿನ ಹಾರ್ಟ್‌ಬೀಟ್ ಚೆನ್ನಾಗಿದೆ. ಇನ್ನೂ ಲೇಟಾಗಿದ್ರೆ ಕಷ್ಟ ಇತ್ತು," ಎಂದರು. ತಿಂಗಳುಗಟ್ಟಲೆ ಮಂಚ ಬಿಟ್ಟು ಏಳದೆ ಭವಾನಿ ದಿನ ತುಂಬಿಸಿಕೊಂಡಳು. ಹೆಣ್ಣು ಮಗು.

ಬಾಣಂತನಕ್ಕೆ ಅವಳು ಶಿರಂಗಾಲದ ತವರಿಗೆ ಹೋಗಿದ್ದಳು. ನೋಡಲು ಹೋದೆ. ಅವಳಮ್ಮ ಕಾಫಿ ತರಲು ಒಳಗೆ ಹೋದಾಗ, ಮಗುವನ್ನು ನನ್ನ ತೊಡೆಯ ಮೇಲಿಟ್ಟು ಭವಾನಿ ದನಿ ತಗ್ಗಿಸಿದಳು.

"ಅಕ್ಕ, ಅವತ್ತು ಆ ಗಾಡಿಯವ್ರು ಯಾರು ಅಂತ ಗೊತ್ತಾಯ್ತಾ?"

"ಇಲ್ಲ. ಮುಂದೆ ಹೋದಾಗ ಯಾರೂ ಇರಲಿಲ್ಲವಲ್ಲ."

"ಮುಂದೆನಾ?" ಅವಳು ನನ್ನನ್ನೇ ನೋಡಿದಳು. "ಮುಂದೆ ಏನಿತ್ತಕ್ಕ? ಪೂರ್ತಿ ಕತ್ತಲೆ. ಗಾಡಿ ನಿಂತಿದ್ದು ನಮ್ಮ ಹಿಂದೆ."

"ಹಿಂದೆನಾ?" ಎಂದೆ.

"ಡಿಕ್ಕಿಗೆ ತಾಗೋ ಹಂಗೆ ನಿಂತಿತ್ತು. ಹಳದಿ ಲೈಟು. ನನ್ ಸೀರೆ ಮೇಲೆಲ್ಲ ಬೆಳಕು... ಆ ಬೆಳಕಲ್ಲೇ ನಿಮ್ ಕುತ್ತಿಗೆ ಮೇಲೆ ಬೆವರು ಇಳಿಯೋದು ಕಾಣ್ತಿತ್ತು. ಆನೆ ಇದೆ ಅಂತ ನಿಮಗೆ ಸೂಚನೆ ಕೊಟ್ಟಿದ್ದು ಅವ್ರೇ ಅಂದ್ಕೊಂಡೆ."

"ನೀನು ತಿರುಗಿ ನೋಡಿದೆಯಾ?"

"ಹ್ಞೂಂ," ಎಂದಳು. ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡಳು. ಅಷ್ಟರಲ್ಲಿ ಅವಳಮ್ಮ ಕಾಫಿ ತಂದರು. ಅವಳು ಮುಂದೆ ಹೇಳಲಿಲ್ಲ; ಆಮೇಲೆ ಎಷ್ಟು ಸಲ ಕೇಳಿದರೂ ಹೇಳಿಲ್ಲ. ರೆಸಾರ್ಟ್ ಕೆಲಸಕ್ಕೂ ಮತ್ತೆ ಬರಲಿಲ್ಲ.

ನಮ್ಮನ್ನು ನಿಲ್ಲಿಸಿದ್ದು ಆನೆಯಿಂದ ಉಳಿಸಲೋ, ಅಥವಾ ಅದು ಬರುವವರೆಗೆ ಅಲ್ಲೇ ಹಿಡಿದಿಡಲೋ, ನನಗೆ ತಿಳಿಯದು. ಬೇರೆ ಕೆಲಸ ಸಿಕ್ಕಿಲ್ಲವಾದ್ದರಿಂದ ಆ ರಸ್ತೆಯಲ್ಲಿ ಈಗಲೂ ಓಡಾಡುತ್ತೇನೆ, ಒಬ್ಬಳೇ. ಎದುರಿಗೆ ದೀಪ ಮಿನುಗಿದರೆ ಈಗಲೂ ನಿಲ್ಲಿಸುತ್ತೇನೆ; ನಿಜವಾಗಿ ಆನೆಯೇ ಇರಬಹುದು. ಆದರೆ ನನ್ನ ದೀಪ ಆರಿಸುವ ಮೊದಲು ಹಿಂದಿನದು ಕಾಣುವ ಕನ್ನಡಿಯನ್ನು ಮೇಲಕ್ಕೆ, ಚಾವಣಿಯ ಕಡೆಗೆ ತಿರುಗಿಸಿಬಿಡುತ್ತೇನೆ.