ಎರಡು ಭಾಷೆಯಲ್ಲಿ ಒಂದೇ ಬಾವಿ

ಬೀದಿಯವರೆಲ್ಲ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಎದ್ದಾಗ ತೆರೆದ ಬಾಯಿ ಮಲಗುವವರೆಗೂ ಮುಚ್ಚುವುದಿಲ್ಲ, ನಿದ್ದೆಯಲ್ಲೂ ಏನೋ ಒದರುತ್ತಾಳೆ ಎಂದು ಅಕ್ಕ ದೂರುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮನೆಯ ಮುಂದಿನ ಕೋಣೆಯ ಗೋಡೆ ಒಡೆಸಿ ಚಹಾದಂಗಡಿ ಇಟ್ಟಿದ್ದಳು. ಎದುರಿಗೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡುಗಳ ಸಾಲು. ಅಲ್ಲಿನ ಕೆಲಸಗಾರರು ಮಸಿ ಹತ್ತಿದ ಕೈಯಲ್ಲೇ ಲೋಟ ಹಿಡಿದು, "ನಿಮ್ಮ ಬಾವಿ ನೀರಿನ ಚಹಾ ಕುಡಿದ್ಮೇಲೆ ಬೇರೆ ಕಡೆ ರುಚಿಸಲ್ಲಕ್ಕಾ" ಎನ್ನುತ್ತಿದ್ದರು. ಆ ಮಾತಿಗೆ ಅಮ್ಮ ಅರ್ಧ ಲೋಟ ಹೆಚ್ಚು ಸುರಿಯುತ್ತಿದ್ದಳು.

ರೇಡಿಯೋ ಕಾಲೇಜು ಸೇರಿದ ವರ್ಷ ಬೇರೆ ದೇಶದಿಂದ ಒಂದಷ್ಟು ಹುಡುಗ ಹುಡುಗಿಯರು ಬಂದರು. ಬೆಳಗ್ಗೆ ಅವರೊಡನೆ ಇಂಗ್ಲಿಷ್ ಮಾತು, ಮಧ್ಯಾಹ್ನ ಪರಿಸರ ವಿಜ್ಞಾನ. ಬೇಸಿಗೆ ಕಳೆದರೆ ಇಲ್ಲಿನವರು ಅವರ ದೇಶಕ್ಕೆ ಹೋಗಿ ಬರುವುದು. ಒಬ್ಬೊಬ್ಬರಿಗೆ ಒಬ್ಬೊಬ್ಬರು ಜೊತೆ. ರೇಡಿಯೋಗೆ ಸಿಕ್ಕಿದವಳು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರದ ಹುಡುಗಿ. ಬೀದಿಯ ಮಕ್ಕಳು ಮೊದಲ ದಿನವೇ ಅವಳಿಗೆ ಉದ್ದಕ್ಕ ಎಂದು ಹೆಸರಿಟ್ಟರು.

ರೇಡಿಯೋ ಇಂಗ್ಲಿಷನ್ನು ಹಸಿದವಳಂತೆ ಕಲಿತಳು. ತಪ್ಪಾದರೂ ನಿಲ್ಲಿಸುತ್ತಿರಲಿಲ್ಲ. ಉದ್ದಕ್ಕ ನಕ್ಕರೆ ತಾನೂ ನಕ್ಕು ಮುಂದೆ ಹೋಗುತ್ತಿದ್ದಳು. ಕೆರೆ, ಚರಂಡಿ, ಹಳ್ಳ ಎಂದು ಎಲ್ಲ ಕಡೆಯ ನೀರನ್ನೂ ಪರೀಕ್ಷೆಗೆಂದು ಸೀಸೆಗೆ ತುಂಬಿದ ಮೇಲೆ, "ಎಲ್ಲಾ ಕೊಳಕು ನೀರೇ ಆಯ್ತು. ನಮ್ಮ ಬಾವೀದೂ ತಗೋ, ಒಳ್ಳೇ ನೀರು ಹೇಗಿರುತ್ತೆ ಅಂತ ಗೊತ್ತಾಗ್ಲಿ" ಎಂದವಳು ಅವಳೇ.

ಫಲಿತಾಂಶ ಬಂದ ದಿನ ಕಾಲೇಜಿನ ವಿಜ್ಞಾನದ ಮೇಷ್ಟ್ರು ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ಎರಡನೆಯ ಸಲವೂ ಅದೇ. ಬಾವಿಯ ತುಂಬ ಸೀಸ.

ಉದ್ದಕ್ಕ ಅಂಗಡಿಯ ಬೆಂಚಿನ ಮೇಲೆ ಕೂತು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು. ಅಮ್ಮ ಒಲೆಯ ಮುಂದೆ ನಿಂತು ಮಗಳ ಮುಖ ನೋಡಿದಳು.

"ಏನಂತೆ?"

"ಈ ನೀರು ಕುಡೀಬಾರದಂತೆ ಅಮ್ಮ. ಕಾಯಿಸಿದ್ರೂ ಹೋಗಲ್ವಂತೆ. ಮಕ್ಕಳಿಗಂತೂ ಕೊಡ್ಲೇಬಾರದಂತೆ."

ಅಕ್ಕನ ಎರಡೂವರೆ ವರ್ಷದ ಮಗಳು ನೆಲದ ಮೇಲೆ ಚಮಚ ಬಡಿಯುತ್ತಿದ್ದಳು. ಅವಳಿಗಿನ್ನೂ ಮಾತು ಬಂದಿರಲಿಲ್ಲ.

"ಹಾಗಾದ್ರೆ ಏನು ಕುಡೀಬೇಕಂತೆ? ಕೇಳು ಅವಳನ್ನ," ಎಂದಳು ಅಮ್ಮ.

ರೇಡಿಯೋ ಕೇಳಿದಳು. ವ್ಯಾಕರಣ ಸರಿಯಾಗಿಯೇ ಇತ್ತು. ಉದ್ದಕ್ಕ ಅಳತೊಡಗಿದಳು. ಅಮ್ಮನೇ ಸೆರಗಿನಿಂದ ಅವಳ ಕಣ್ಣೊರೆಸಬೇಕಾಯಿತು.

ವಿದೇಶಿ ತಂಡದ ಕೊನೆಯ ದಿನ ಕಾಲೇಜಿನ ಸಭಾಂಗಣದಲ್ಲಿ ವರದಿ ಓದುವ ಕಾರ್ಯಕ್ರಮ, ಬೀದಿಯವರಿಗೆಲ್ಲ ಆಹ್ವಾನವಿತ್ತು. ಉದ್ದಕ್ಕ ಇಂಗ್ಲಿಷಿನಲ್ಲಿ ಓದುವುದು, ರೇಡಿಯೋ ಅದನ್ನು ಕನ್ನಡದಲ್ಲಿ ಹೇಳುವುದು. ಹೊರಡುವಾಗ ಅಮ್ಮ ಅಂದಳು, "ಕೆರೆ ವಿಷಯ ಹೇಳು, ಚರಂಡಿ ವಿಷಯ ಹೇಳು. ಬಾವಿ ವಿಷಯ ನುಂಗ್ಕೋ. ಅಂಗಡಿ ಹೋದ್ರೆ ನಾವು ಬೀದಿಗೆ ಬೀಳ್ತೀವಿ."

ಆಯಿತು ಎಂದೇ ರೇಡಿಯೋ ಹೋದಳು. ಆದರೆ ಬಾವಿಯ ಮಾತು ಬಂದಾಗ ಮುಂದಿನ ಸಾಲುಗಳಲ್ಲಿ ಶೆಡ್ಡಿನವರು ಹೆಂಡತಿ ಮಕ್ಕಳ ಸಮೇತ ಕೂತಿದ್ದುದು ಕಂಡಿತು. ನಾಲಿಗೆ ನುಂಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮ ಎದ್ದು ಹೋದಳು. ಉಳಿದವರು ಚಪ್ಪಾಳೆ ತಟ್ಟಿದರು.

ಮಾರನೆಯ ವಾರವೇ ಅಂಗಡಿಯ ಬೆಂಚು ಖಾಲಿಯಾಯಿತು. ಶೆಡ್ಡುಗಳು ಎಂದಿನಂತೆ ಹೊಗೆ ಉಗುಳುತ್ತಿದ್ದವು. ಕೆಲಸಗಾರರು ಮೂಲೆಯ ಇನ್ನೊಂದು ಅಂಗಡಿಗೆ ಹೋಗತೊಡಗಿದರು. ರೇಡಿಯೋ ಅವರನ್ನು ತಡೆದು, "ಅಣ್ಣಾ, ಅವರ ಬೋರ್‌ವೆಲ್ಲೂ ಇದೇ ನೆಲದ್ದು, ಅಲ್ಲೂ ಇರುತ್ತೆ" ಎಂದಳು.

"ಅದನ್ನ ಯಾರೂ ಪರೀಕ್ಷೆ ಮಾಡಿಲ್ವಲ್ಲ ತಾಯಿ," ಎಂದ ಒಬ್ಬ. ಅವನು ತಮಾಷೆಗೆ ಹೇಳಿದ್ದಲ್ಲ.

ಮೇಷ್ಟ್ರು ಅವಳನ್ನು ಕರೆದುಕೊಂಡು ನಗರಸಭೆಗೆ ಹೋದರು. ಅಲ್ಲಿನ ಅಧಿಕಾರಿ ವರದಿಯನ್ನು ಹಿಂದೆ ಮುಂದೆ ತಿರುಗಿಸಿ, ಓದುವ ಮಕ್ಕಳು ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ ಎಂದ. ಮತ್ತೆ ಮತ್ತೆ ಅಲೆದರು. ಆಮೇಲೆ ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು.

ಉಳಿದಿದ್ದು ಉದ್ದಕ್ಕನ ದೇಶಕ್ಕೆ ಹೋಗುವ ಆಸೆಯೊಂದೇ. ಅಲ್ಲಿ ಹೇಳಿದರೆ ಯಾರಾದರೂ ಕೇಳಿಯಾರು ಎಂದು ರೇಡಿಯೋ ನಂಬಿದ್ದಳು. ವೀಸಾ ಕಚೇರಿಯಲ್ಲಿ ಗಾಜಿನ ಹಿಂದಿದ್ದವನು, ಹೋದವಳು ವಾಪಸ್ಸು ಬರುತ್ತೀ ಎಂದು ಹೇಗೆ ನಂಬಲಿ ಎಂದು ಕೇಳಿದ. ಅಮ್ಮ ಇದ್ದಾಳೆ, ಮನೆ ಇದೆ ಎಂದಳು. ಮನೆ ಹೇಗಿದೆ ಎಂದ. ಅಂಗಡಿ ನಡೆಯುತ್ತಿಲ್ಲ, ಬಾವಿಯ ನೀರಿನಲ್ಲಿ ಸೀಸ ಇದೆ ಎಂದು ಉದ್ದಕ್ಕನ ಹತ್ತಿರ ಕಲಿತ ಇಂಗ್ಲಿಷಿನಲ್ಲಿ ಅವಳು ನಿಜವನ್ನೇ ಹೇಳಿದಳು. ವೀಸಾ ಸಿಗಲಿಲ್ಲ.

ಉದ್ದಕ್ಕನಿಂದ ಒಮ್ಮೆ ಇಮೇಲ್ ಬಂತು. ಅವರ ವರದಿಗೆ ಬಹುಮಾನ ಬಂದಿತ್ತು, ತೀರ್ಪುಗಾರರಿಗೆ ಬಾವಿಯ ಭಾಗ ಬಹಳ ಹಿಡಿಸಿತ್ತು. ರೇಡಿಯೋ ಅಭಿನಂದನೆ ಬರೆದಳು. ಮುಂದಿನ ವರ್ಷ ಆ ತಂಡ ಬೇರೆ ಊರಿಗೆ ಹೋಯಿತು, ಹಕ್ಕಿಗಳನ್ನು ನೋಡಲು.

ಈಗ ಅವಳು ಸರಕು ಸಾಗಿಸುವ ಕಂಪನಿಯೊಂದರಲ್ಲಿ ಫೋನ್ ಎತ್ತುತ್ತಾಳೆ. ಲಾರಿ ಎಲ್ಲಿ ನಿಂತಿದೆ, ಯಾವಾಗ ತಲುಪುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳುವ ಕೆಲಸ. ಅಮ್ಮ ಯಾರದೋ ಮನೆಯಲ್ಲಿ ಅಡುಗೆಗೆ ಹೋಗುತ್ತಾಳೆ. ಮಗಳ ಮೇಲೆ ಸಿಟ್ಟು ತೋರಿಸುವುದಿಲ್ಲ, ಬೇಕಾದಷ್ಟೇ ಮಾತಾಡುತ್ತಾಳೆ.

ಸಂಬಳದಲ್ಲಿ ರೇಡಿಯೋ ಕ್ಯಾನಿನ ನೀರು ತರಿಸುತ್ತಾಳೆ, ಅಕ್ಕನ ಮಗಳಿಗೆ ಮಾತ್ರ ಸಾಕಾಗುವಷ್ಟು. ದೊಡ್ಡವರು ಕುಡಿಯುವುದು ಬಾವಿಯದನ್ನೇ. ಮಗುವಿನ ರಕ್ತದಲ್ಲಿ ಸೇರಿದ ಸೀಸ ಕಡಿಮೆಯಾದರೂ ಆದ ಕೇಡು ಹಿಂದಕ್ಕೆ ಹೋಗುವುದಿಲ್ಲ, ಮೊದಲು ಆ ಬೀದಿ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ. ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಸಂಜೆ ಕೆಲಸದಿಂದ ಬಂದವಳು ಮಗುವನ್ನು ಎದುರಿಗೆ ಕೂರಿಸಿಕೊಳ್ಳುತ್ತಾಳೆ.

"ಚಿಕ್ಕಮ್ಮ ಅನ್ನು. ಚಿಕ್... ಕಮ್ಮ."

ಐದು ತುಂಬಿದ ಹುಡುಗಿ ಅವಳ ತುಟಿಯನ್ನೇ ನೋಡುತ್ತಾಳೆ. ಆಮೇಲೆ ಕೈ ಚಾಚಿ ಆ ತುಟಿಯನ್ನು ಬೆರಳಿನಿಂದ ಮುಚ್ಚುತ್ತಾಳೆ.