ಅದೇ ನೀರು

ಮನೆಯ ಹಿತ್ತಲಲ್ಲಿ ಈಜುವ ಹೌಜು ಕಟ್ಟಿಸಿದವಳಿಗೆ ಜಹೀರಾಬಾದಿನ ಜನ ಇಡುವ ಹೆಸರು ಒಂದೇ: ಹುಚ್ಚಿ. ಶಕುಂತಲಾಬಾಯಿಗೆ ಅದರ ಚಿಂತೆ ಇರಲಿಲ್ಲ. ಗಂಡ ತೀರಿಕೊಂಡ ವರ್ಷ ಹೈವೇ ಬದಿಯ ಪೈಪು, ಮೋಟಾರಿನ ಅಂಗಡಿಗೆ ತಾನೇ ಹೋಗಿ ಕುಳಿತಾಗಲೂ ಇದೇ ಹೆಸರಿಟ್ಟಿದ್ದರು. ಆಮೇಲೆ ಅವರೇ ಬಂದು ಬೋರಿನ ಮೋಟಾರು ಒಯ್ದರು. ಈಗ ಅರವತ್ತು ದಾಟಿದೆ, ಮೊಣಕಾಲು ಸವೆದಿವೆ. ನೀರಿನಲ್ಲಿ ಕಾಲಾಡಿಸಿ ಎಂದರು ಡಾಕ್ಟರು. "ನೀರಿದ್ದಲ್ಲಿ ನಾ ಎಲ್ಲಿ ಹೋಗ್ಲಿ? ನೀರೇ ನನ್ನ ಮನಿಗಿ ಬರ್ಲಿ" ಎಂದು ಈಕೆ ಹಿತ್ತಲು ಅಗೆಸಿಬಿಟ್ಟಳು.

ನಿಜ ಹೇಳಬೇಕೆಂದರೆ ಮೊಣಕಾಲು ಬರೀ ನೆಪ. ತವರೂರು ಕಲ್ಹೇರಿನ ಹೊಲದ ಬಾವಿಯಲ್ಲಿ, ನಡುವಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತ ಹುಡುಗಿ ಆಕೆ. ಶಾಲೆಯಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಧಮ್ಮಶೀಲಾ ಮಾತ್ರ ಆ ಬಾವಿಯ ಮೆಟ್ಟಿಲು ಇಳಿಯುವಂತಿರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಧಮ್ಮಶೀಲಾ ದಡದ ಮೇಲೆ ನಿಂತು ನೋಡಿದಳು, ಕೆರೆಗೆ ಹೋಗಿ ತಾನಾಗಿ ಕಲಿತಳು, ನಾರಾಯಣಖೇಡದಲ್ಲಿ ಹುಡುಗಿಯರಿಗೆ ಆಟ ಕಲಿಸುವ ಟೀಚರಾಗಿ ನಿವೃತ್ತಳಾದಳು. ದಡದ ಮೇಲಿನ ಆ ಹುಡುಗಿ ಶಕುಂತಲಾಬಾಯಿಯ ಎದೆಯಲ್ಲಿ ಮುಳ್ಳಾಗಿ ಉಳಿದಿದ್ದಳು. ಹೌಜು ಕಟ್ಟಿಸಿದ್ದು ಆ ಮುಳ್ಳು ಕೀಳುವುದಕ್ಕೆ.

ನೀರು ತುಂಬಿದ ದಿನ ಗಂಗಿಪೂಜೆ ಆಯಿತು. ಹೊಸ ಬಾವಿಗೆ ನೀರು ಬಂದರೆ ಹಾಲು ಹೊಯ್ಯುವುದು ಅವರ ಮನೆತನದ ಪದ್ಧತಿ. ಹೌಜಿನದೂ ನೀರೇ ತಾನೆ? ಶಕುಂತಲಾಬಾಯಿ ಅರಿಷಿಣ, ವಿಭೂತಿ ಹಾಕಿ, ಎಮ್ಮೆಯ ಗಟ್ಟಿ ಹಾಲನ್ನು ಕೈ ಬಿಗಿಹಿಡಿಯದೆ ಕೊಡಗಟ್ಟಲೆ ಸುರಿದಳು. ಸಂಜೆ ಧಮ್ಮಶೀಲಾ ಬಂದಳು. ಗೆಳತಿಯರಿಬ್ಬರೂ ಇಳಿದು, ಸಣ್ಣ ಹುಡುಗಿಯರೂ ನಾಚಬೇಕು, ಹಾಗೆ ನೀರು ಎರಚಾಡಿದರು.

ಅದಾದ ಮೇಲೆ ನೀರು ದಿನದಿಂದ ದಿನಕ್ಕೆ ಮಸುಕಾಗುತ್ತ ಅಕ್ಕಿ ತೊಳೆದ ನೀರಿನಂತಾಯಿತು. ಪಕ್ಕದ ಮನೆಯ ಮೈದುನ ಕಾಶಿನಾಥ ಬಂದು ಬಗ್ಗಿ ನೋಡಿದ. ಮನೆತನದ ಮರ್ಯಾದೆಯನ್ನೆಲ್ಲ ತನ್ನೊಬ್ಬನ ಹೆಗಲ ಮೇಲೆ ಹೊತ್ತ ಮನುಷ್ಯ.

"ವೈನಿ, ಯಾರಿಗಿ ಇಳಸಬೇಕು, ಯಾರಿಗಿ ಇಳಸಬಾರ್ದು, ತಿಳೀಬೇಕ್ರಿ. ಈ ನೀರು ಎಲ್ಲಾ ಹೊರಗ ಚೆಲ್ಲಿ ಬ್ಯಾರೆ ತುಂಬಸ್ರಿ. ಸೋಮವಾರ ಬೀಗರು ಬರ್ತಾರ. ಮತ್ತ ಆಕಿಗಿ ಕರೀಬ್ಯಾಡ್ರಿ."

"ಆಕಿ ಅಂದ್ರ ಯಾರೋ? ಹೆಸರು ಹೇಳು."

ಕಾಶಿನಾಥ ಹೆಸರು ಹೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನಕ್ಕೆ ಎಮ್ಮೆಯ ಹೆಸರು ಬೇಕಾಗುವುದಿಲ್ಲ.

ಮಾತು ನಾರಾಯಣಖೇಡ ಮುಟ್ಟಲು ತಡವಾಗಲಿಲ್ಲ. ಧಮ್ಮಶೀಲಾ ಫೋನು ಮಾಡಿದಳು. ಅಳಲಿಲ್ಲ, ಬೈಯಲೂ ಇಲ್ಲ.

"ಶಕ್ಕೂ, ಹೌಜು ನಿಂದು, ಮರ್ಜಿನೂ ನಿಂದು. ಖರೆ ಒಂದು ಮಾತು ಕೇಳು. ಆ ನೀರು ನೀ ಚೆಲ್ಲಿದ್ರ, ನನ್ನ ಮೈ ಮುಟ್ಟ್ಯಾದ ಅಂತ ಚೆಲ್ಲಿದಂಗ. ಮತ್ತ ನಾ ನಿನ್ನ ಹೊಸ್ತಿಲ ತುಳ್ಯಾಕಿ ಅಲ್ಲ."

"ಒಣಗಿ ಹೋದ್ರೂ ಚೆಲ್ಲಾಕಿ ಅಲ್ಲ ನಾ" ಎಂದಳು ಶಕುಂತಲಾಬಾಯಿ. "ಇದೇ ನೀರು ತಿಳಿ ಮಾಡ್ತೀನಿ. ಸೋಮವಾರ ನೀ ಬಾ. ಅವರೆಲ್ಲರ ಮುಂದ ಇದೇ ನೀರಾಗ ಇಳೀಬೇಕು."

ಹಠ ಚೆನ್ನಾಗಿಯೇ ಇತ್ತು. ಆದರೆ ನೀರಿಗೆ ಹಠ ತಿಳಿಯಬೇಕಲ್ಲ? ಕ್ಲೋರಿನ್ ಪುಡಿ ಹಾಕಿದಳು. ಸಿಟ್ಟಿನಲ್ಲಿ ಮತ್ತಷ್ಟು ಹಾಕಿದಳು. ಕಣ್ಣು ಉರಿದವು, ಮಸುಕು ಅಲ್ಲಾಡಲಿಲ್ಲ. ಪಂಪು ಕೂಡಿಸಿದ ಹೈದರಾಬಾದಿನವನ ಜನ್ಮವನ್ನು ಫೋನಿನಲ್ಲೇ ಜಾಲಾಡಿದಳು. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೆ ಸ್ಪ್ಯಾನರು ಹಿಡಿದು, ನೀರು ಸೋಸುವ ಡ್ರಮ್ಮಿನ ಮುಚ್ಚಳವನ್ನು ತಾನೇ ಬಿಚ್ಚಿದಳು. ಒಳಗಿನ ಮರಳು ಉಂಡೆಗಟ್ಟಿತ್ತು, ಕೈಗೆ ಜಿಡ್ಡು ಹತ್ತಿತು. ಮೂಗಿನ ಹತ್ತಿರ ಹಿಡಿದರೆ, ತೊಳೆಯದೆ ಬಿಟ್ಟ ಹಾಲಿನ ಗಡಿಗೆಯ ಹುಳಿ ವಾಸನೆ.

ಶಕುಂತಲಾಬಾಯಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಹಾಲು! ತನ್ನದೇ ಕೈ, ತನ್ನದೇ ಕೊಡ. ಪವಿತ್ರ ಮಾಡುತ್ತೇನೆಂದು ಸುರಿದದ್ದು ನೀರನ್ನು ಕೆಡಿಸಿತ್ತು. ಸುಮ್ಮನೆ ಬಂದು ಈಜಿ ಹೋದವಳ ತಲೆಗೆ ಅದನ್ನು ಕಟ್ಟಿದ್ದರು. ನಾಚಿಕೆಯಿಂದ ಮುಖ ಸುಟ್ಟಂತಾಯಿತು. ಆಮೇಲೆ ಬಂದ ಸಿಟ್ಟು ನಾಚಿಕೆಯನ್ನೂ ನುಂಗಿತು.

ಜಿಡ್ಡು ಮರಳನ್ನು ತೆಗೆಸಿ ಹೊಸ ಮರಳು ತುಂಬಿಸಿದಳು. ಕ್ಲೋರಿನ್ನನ್ನು ಈ ಸಲ ಅಳತೆ ನೋಡಿ, ಹೊತ್ತು ಇಳಿದ ಮೇಲೆ ಹಾಕಿದಳು. ವಾಸನೆ ಹೋದ ಮೇಲೆ, ನೀರು ತಿಳಿಗೊಳಿಸುವ ಪಟಿಕವನ್ನು ಕುಟ್ಟಿ, ಬಕೆಟ್ಟಿನಲ್ಲಿ ಕರಗಿಸಿ ಹೌಜಿನ ಸುತ್ತ ಹೊಯ್ದಳು. ಪಂಪನ್ನು ಸ್ವಲ್ಪ ಹೊತ್ತು ತಿರುಗಿಸಿ ನಿಲ್ಲಿಸಿದಳು. ಸುಮ್ಮನಿರುವುದೇ ಆಕೆಗೆ ಎಲ್ಲಕ್ಕಿಂತ ಕಷ್ಟದ ಕೆಲಸ, ಆದರೂ ನೀರನ್ನು ಕದಡದೆ ಬಿಟ್ಟಳು. ಮರುದಿನ ಮಸುಕೆಲ್ಲ ಕೆಳಗೆ ಕೂತು ತಳದಲ್ಲಿ ಹಾಸಿಕೊಂಡಿತ್ತು. ಅದನ್ನಷ್ಟೇ ಪೈಪಿನಿಂದ ಮೆಲ್ಲಗೆ ಹೀರಿ ಮೋರಿಗೆ ಬಿಟ್ಟಳು. ತಳ ಕಾಣುತ್ತದೆಯೇ ಎಂದು ನೋಡಲು ಅಂಗಡಿಯಿಂದ ತಂದ ಹಿತ್ತಾಳೆ ನಟ್ಟೊಂದನ್ನು ಆಳದ ಕಡೆ ಎಸೆದಳು. ಅದು ತಳದಲ್ಲಿ ಕುಳಿತು ಥಳಥಳ ಹೊಳೆಯಿತು.

ಸೋಮವಾರ ಬೀಗರ ಜೊತೆ ಬಂದ ಕಾಶಿನಾಥನಿಗೆ ತಿಳಿನೀರು ಕಂಡು ಹಿಗ್ಗೋ ಹಿಗ್ಗು. ಹಿಂದೆ ಅವನ ಹೆಂಡತಿ ಭುವನೇಶ್ವರಿ ತಂಬಿಗೆ ತುಂಬ ಹಾಲು ಹಿಡಿದು ನಿಂತಿದ್ದಳು.

"ಛಲೋ ಆತ್ರಿ ವೈನಿ, ಬ್ಯಾರೆ ನೀರು ತುಂಬಿಸಿದ್ರಿ. ಇನ್ನೊಮ್ಮಿ ಪೂಜಿ ಮಾಡಿಬಿಡೋಣ್ರಿ."

ಹೂಂ ಅಂದಿದ್ದರೆ ಸಾಕಿತ್ತು. ಬೀಗರು ಉಂಡು ಹೋಗುತ್ತಿದ್ದರು, ಮನೆತನದ ಮರ್ಯಾದೆ ಕಾಶಿನಾಥನ ಹೆಗಲ ಮೇಲೆ ಕ್ಷೇಮವಾಗಿರುತ್ತಿತ್ತು. ಅಷ್ಟರಲ್ಲಿ ಧಮ್ಮಶೀಲಾ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ಕಾಶಿನಾಥನ ಮಾತು ಅವಳ ಕಿವಿಗೂ ಬಿದ್ದಿತ್ತು.

"ಬ್ಯಾರೆ ನೀರಲ್ಲ, ಅದೇ ನೀರು" ಎಂದಳು ಶಕುಂತಲಾಬಾಯಿ, ಎಲ್ಲರಿಗೂ ಕೇಳುವಂತೆ. "ಕೆಡಿಸಿದಾಕಿ ನಾನು. ನಾ ಹೊಯ್ದ ಹಾಲು ಒಡದು ಮರಳಿಗಿ ಹತ್ತಿತ್ತು. ಧಮ್ಮಶೀಲಾ ಇಳದಿದ್ದಕ್ಕ ಏನೂ ಆಗಿಲ್ಲ. ಕೊರಳಾಗ ಲಿಂಗ ಕಟಗೊಂಡು ಸೂತಕ ಹೇಳಾಕ ಬರ್ತಿಯೇನೋ, ಕಾಶಿನಾಥ? ನಮ್ಮಲ್ಲಿ ಸೂತಕ ಇಲ್ಲ ಅಂತ ಮದಿವಿ ಮುಂಜಿಗಿ ಭಾಷಣ ಮಾಡಾಂವ ನೀನೇ ಅಲ್ಲ?"

ಕಾಶಿನಾಥ ಬೀಗರ ಮುಖ ನೋಡಿದ. ಬೀಗರು ಹೌಜು ನೋಡಿದರು.

"ಖರೇ ಅದೇ ನೀರೇನು?" ಧಮ್ಮಶೀಲಾ ಕೇಳಿದಳು.

"ಅದೇ. ನಿನಗ ಇಳ್ಯಾಕ ಬಿಡದ ಆ ಬಾವಿ ಆಣಿ, ಅದೇ."

ಧಮ್ಮಶೀಲಾ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದು, ಒಂದೇ ಉಸಿರಿಗೆ ಆಳಕ್ಕೆ ಮುಳುಗಿ, ಹಿತ್ತಾಳೆ ನಟ್ಟು ಹಿಡಿದು ಮೇಲೆ ಬಂದಳು. ಶಕುಂತಲಾಬಾಯಿಗೆ ಕಣ್ಣು ತುಂಬಿತು. ಈ ಸಲ ದಡದ ಮೇಲೆ ನಿಂತವಳು ತಾನು.

ಆಕೆ ಭುವನೇಶ್ವರಿಯ ಕೈಯಿಂದ ತಂಬಿಗೆ ತೆಗೆದುಕೊಂಡಳು. "ಹಾಲು ಇರೂದು ಚಾಕ್ಕ" ಎಂದು ಒಳಗೆ ಹೋಗಿ ಚಹಾ ಕಾಸಿ ತಂದು, ಮೊದಲ ಕಪ್ಪನ್ನು ಒದ್ದೆ ಮೈಯಲ್ಲೇ ಕೂತ ಗೆಳತಿಗೆ ಕೊಟ್ಟಳು, ಎರಡನೆಯದನ್ನು ಕಾಶಿನಾಥನ ಮುಂದೆ ಹಿಡಿದಳು. ಅವನು ಮುಟ್ಟಲಿಲ್ಲ, ತಿರುಗಿ ನಡೆದ. ಆ ಕಪ್ಪನ್ನು ಭುವನೇಶ್ವರಿ ತೆಗೆದುಕೊಂಡಳು. ಧಮ್ಮಶೀಲಾಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು, ಸೀರೆ ಎತ್ತಿ ಎರಡೂ ಕಾಲು ನೀರಿಗೆ ಬಿಟ್ಟಳು.

"ಕಾಶಿನಾಥ," ಶಕುಂತಲಾಬಾಯಿ ಅವನ ಬೆನ್ನಿಗೆ ಕೂಗಿ ಹೇಳಿದಳು, "ನೀರು ಚೆಲ್ಲೂದಿಲ್ಲ. ಯಾವಾಗ ಬಂದ್ರೂ ಇದೇ ನೀರಾಗ ಇಳೀಬೇಕು ನೀ."