ಕಂಪ್ಯೂಟರಿನ ಹಣೆ

ಬಡಗಿಗಳ ಕಿವಿಯ ಮೇಲೆ ಪೆನ್ಸಿಲ್ ಇರುವ ಜಾಗದಲ್ಲಿ ಮೋಟಾರಣ್ಣನಿಗೆ ಒಂದಿಂಚಿನ ಪೇಂಟ್ ಬ್ರಷ್ಷು ಇರುತ್ತಿತ್ತು. ಅಂಗಿಯ ಜೇಬಿನಲ್ಲಿ ಮಕ್ಕಳು ಸ್ಕೂಲಿಗೆ ಒಯ್ಯುವಂಥ ರಬ್ಬರು. ಹೊಳೆನರಸೀಪುರದಲ್ಲಿ ಬಹಳ ವರ್ಷ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡಿ, ಆಮೇಲೆ ಕಂಪ್ಯೂಟರಿಗೆ ಬಡ್ತಿ ಪಡೆದವರು. ಹಾಗಾಗಿ ಊರಿಗೆಲ್ಲ ಮೋಟಾರಣ್ಣ. ಕಂಪ್ಯೂಟರು ಶುರುವಾದರೆ ಆಗಲೂ "ನೀರು ಬಂತು" ಎನ್ನುತ್ತಿದ್ದರು.

ಯಾರ ಮನೆಗೆ ಹೋದರೂ ಮೊದಲ ಮಾತು ಒಂದೇ: "ಕೆಟ್ಟಿದ್ದು ಬುಡಿ, ಕೆಣಕಿದ್ದೇನು ಹೇಳಿ." ಎಲ್ಲರೂ "ಏನೂ ಮುಟ್ಟಿಲ್ಲ" ಎಂದೇ ಹೇಳುತ್ತಾರೆಂದು ಅವರಿಗೆ ಗೊತ್ತಿತ್ತು. ಮಕ್ಕಳಿಗೆ ಸತ್ಯ ಹೇಳಿ ಎಂದು ಪಾಠ ಮಾಡುವ ನಾನೂ ಹಾಗೇ ಹೇಳಿದೆ.

ಮುಟ್ಟಿದ್ದೆ. ಕಂಪ್ಯೂಟರು ನಿಧಾನವಾಯಿತೆಂದು ಹಾಸನದಿಂದ ರ್‍ಯಾಮ್ ಎನ್ನುವ ಹೊಸ ಮೆಮೊರಿ ಪಟ್ಟಿ ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಹಳೆಯದನ್ನು ಕಿತ್ತು ಹೊಸದನ್ನು ನಾನೇ ಕೂರಿಸಿದ್ದೆ. ಸ್ವಿಚ್ ಒತ್ತಿದರೆ ಪರದೆ ಕಪ್ಪು. ಡಬ್ಬ ಮೂರು ಸಲ ಪೀಂ ಎಂದು ಸುಮ್ಮನಾಗುತ್ತಿತ್ತು. ಹಳೆಯದನ್ನೇ ಮತ್ತೆ ಹಾಕಿದರೂ ಅದೇ ರಾಗ.

ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, "ತಂದ್ಬಿಡಿ ಮೇಡಂ, ಫಾರ್ಮ್ಯಾಟ್ ಮಾಡ್ತೀವಿ. ಒಳಗಿರೋದೆಲ್ಲ ಹೋಗುತ್ತೆ" ಎಂದರು. ಒಳಗಿದ್ದದ್ದು ನಮ್ಮತ್ತೆಯ ಸೋಬಾನೆ ಪದಗಳು. ಹಳ್ಳಿಮೈಸೂರಿನ ಕಡೆ ಎಷ್ಟೋ ಮದುವೆಗಳಲ್ಲಿ ಹಾಡಿದವರು ಅವರು. ಮೂರು ಬೇಸಿಗೆ ರಜೆ ಪಕ್ಕದಲ್ಲಿ ಕೂರಿಸಿಕೊಂಡು ಟೈಪ್ ಮಾಡಿದ್ದೆ. ಇನ್ನೊಂದು ಪ್ರತಿ ಇಡುವ ಬುದ್ಧಿ ಬರಲಿಲ್ಲ. ಅಷ್ಟರಲ್ಲಿ ಅತ್ತೆಗೆ ಮರೆವು ಶುರುವಾಗಿತ್ತು. ಮೊದಲ ಸಾಲು ಹೇಳಿ, ಮುಂದಿನದಕ್ಕೆ ನನ್ನ ಮುಖ ನೋಡುತ್ತಿದ್ದರು. ಆ ಡಬ್ಬ ಬಿಟ್ಟರೆ ಆ ಪದಗಳು ಇನ್ನೆಲ್ಲೂ ಇರಲಿಲ್ಲ. ನನಗೆ ಅಳುವೇ ಬಂದಿತ್ತು. ಕೊನೆಗೆ ಮೋಟಾರಣ್ಣನನ್ನು ಕರೆಸಿದ್ದೆ.

ಮೋಟಾರಣ್ಣ ಕಣ್ಣು ಮುಚ್ಚಿಕೊಂಡು, ಹಲ್ಲಿ ಶಕುನ ಕೇಳುವವರ ಹಾಗೆ ಆ ಮೂರು ಕೂಗನ್ನೂ ಕೇಳಿದರು.

"ಏನೂ ಮುಟ್ದಿದ್ರೆ ಇಂಗೆ ಕೂಗಾಕಿಲ್ಲ ಟೀಚರಮ್ಮ."

ತಪ್ಪೊಪ್ಪಿಕೊಂಡೆ. ಮೇಜಿನ ಮೇಲಿದ್ದ ಹೊಸ ಪಟ್ಟಿಯನ್ನು ಬೆಳಕಿಗೆ ಹಿಡಿದರು. ಅದರ ಚಿನ್ನದ ಬಣ್ಣದ ಅಂಚಿನುದ್ದಕ್ಕೂ ಅರಿಶಿನ ಕುಂಕುಮ!

ಬಾಗಿಲಲ್ಲಿ ನಿಂತಿದ್ದ ಅತ್ತೆ ಹೇಳಿದರು: "ಒಸಾ ಸಾಮಾನು, ಬರೀ ಅಣೇಲಿ ಒಳೀಕೆ ಓಗಬಾರ್ದು ಅಂತ ನಾನೇ ಇಟ್ಟೆ ಕಣಪ್ಪ. ಇವ್ಳು ಸ್ಕ್ರೂಡ್ರೈವರ್ ಉಡುಕ್ತಿದ್ಲು. ಚಿನ್ನ ಇರೋ ಕಡೀಕೇ ಇಟ್ಟೆ."

ಕನ್ನಡಕವಿಲ್ಲದ ನಾನು ನೋಡದೆ ಒತ್ತಿ ಕೂರಿಸಿದ್ದೆ. ಅತ್ತೆಯ ದನಿ ಇಳಿಯಿತು. "ನನ್ ಪದಾನೆಲ್ಲ ನಾನೇ ಕೆಡಿಸ್ಬುಟ್ನಾ?"

ಹೌದು ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಮೋಟಾರಣ್ಣ ನನಗಿಂತ ಮೊದಲೇ ಬಾಯಿ ಬಿಟ್ಟರು.

"ಏನೂ ಕೆಟ್ಟಿಲ್ಲ ಕಣವ್ವ. ಅಣೆ ಅಂದ್ಕಂಡು ಕಾಲ್ಗೆ ಇಟ್ಬುಟ್ಟಿದೀರ. ದೊಡ್ಡೋರು ಕಾಲ್ ಮುಟ್ಟುದ್ರೆ ಚಿಕ್ಕೋರು ಎದ್ದು ನಿಂತ್ಕತಾರಾ? ನಾಚ್ಕಂಡು ಮುದುರ್ಕಂಡದೆ, ಅಷ್ಟೇಯ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ಒಂದು ಮಾತಿಗೆ ನಾನು ಮೋಟಾರಣ್ಣನಿಗೆ ಇಂದಿಗೂ ಋಣಿ.

ಮೋಟಾರಣ್ಣ ರಬ್ಬರಿನಿಂದ ಅಂಚನ್ನು ಉಜ್ಜಿದರು. ಪಟ್ಟಿ ಕೂರುವ ಸಂದಿಯಲ್ಲಿದ್ದ ಕುಂಕುಮವನ್ನೆಲ್ಲ ಬ್ರಷ್ಷಿನಿಂದ ಕೆದಕಿ ತೆಗೆದು, ಪಟ್ಟಿಯನ್ನು ಟಕ್ಕೆಂದು ಕೂರಿಸಿದರು. ಈ ಸಲ ಒಂದೇ ಕೂಗು. ಪರದೆ ಬೆಳಗಿತು.

"ನೀರು ಬಂತು" ಎಂದರು.

ಪದಗಳೆಲ್ಲ ಇದ್ದಲ್ಲೇ ಇದ್ದವು. ಕಾಫಿ ಕುಡಿದು, ಅತ್ತೆಯ ಕೈಯಿಂದಲೇ ಡಬ್ಬದ ನೆತ್ತಿಗೆ ಕುಂಕುಮ ಇಡಿಸಿ, "ಅಣೆ ಇಲ್ಲೈತೆ ನೋಡವ್ವ" ಎಂದರು. ನನ್ನ ಕಡೆ ತಿರುಗಿ, "ಸ್ಕೂಲಲ್ಲಿ ಕಾಪಿ ಒಡೀಬ್ಯಾಡಿ ಅಂತೀರಲ್ಲ ಟೀಚರಮ್ಮ, ಇದನ್ನ ಮಾತ್ರ ಒಡ್ಕಳಿ" ಎಂದು ಪೆನ್‌ಡ್ರೈವ್ ತರಿಸಿ, ಕಾಪಿ ಆಗುವವರೆಗೂ ಪಕ್ಕದಲ್ಲೇ ನಿಂತಿದ್ದರು. ರಬ್ಬರನ್ನು ಮೇಜಿನ ಮೇಲೇ ಮರೆತು ಹೋದರು.

ಕಳೆದ ಶ್ರಾವಣದಲ್ಲಿ ಮೋಟಾರಣ್ಣ ತೀರಿಕೊಂಡರು. ಅತ್ತೆಗೆ ಅದು ನೆನಪಿರುವುದಿಲ್ಲ. ಆಯುಧಪೂಜೆಯ ದಿನ ಕುಂಕುಮದ ಬಟ್ಟಲು ಹಿಡಿದು ಕಂಪ್ಯೂಟರಿನ ಮುಂದೆ ನಿಂತು, "ಅಣೆ ಯಾವ ಕಡೀಕೈತೆ ಅಂತ ಆ ಮೋಟಾರಣ್ಣನ್ನ ಒಂದ್ಮಾತು ಕೇಳೆ" ಎಂದರು. ನಾನೇ ಡಬ್ಬದ ನೆತ್ತಿ ತೋರಿಸಿದೆ. ಪರದೆ ನೋಡಿ ಒಂದೊಂದೇ ಸಾಲು ಓದಿಕೊಟ್ಟೆ, ಅತ್ತೆ ಹಾಡಿದರು.

ಮೋಟಾರಣ್ಣ ಮರೆತುಹೋದ ರಬ್ಬರನ್ನೂ ಪೂಜೆಗೆ ಇಟ್ಟಿದ್ದೆ. ಅದಕ್ಕೆ ಎರಡೂ ಕಡೆ ಕುಂಕುಮ ಹಚ್ಚಿದೆ. ಹಣೆ ಯಾವುದು, ಕಾಲು ಯಾವುದು ಎಂದು ಹೇಳುವವರು ಇರಲಿಲ್ಲ.